ಮೂತ್ರ, ವಾಸನೆ, ಸಂಗಾತಿ: ಬೆಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಕ್ಕು ಸಾಕಿದವರು, ಹೊಸಕೋಟೆ, ದೊಡ್ಡಬಳ್ಳಾಪುರದ ಕಡೆ ಎರಡು ಹಸು ಕಟ್ಟಿಕೊಂಡವರು, ಬಂಡೀಪುರಕ್ಕೆ ಹೋಗಿ ಬಂದವರು, ಬೆಳಗಾದರೆ ಸ್ಕೂಟರ್ ಚಕ್ರ ತೊಳೆದು ಸಾಕಾದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಅವರವರ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದವು ಮೊದಲು, ಗಟ್ಟಿ ಪ್ರಶ್ನೆಗಳು ಕೊನೆಗೆ.

## ಮೊದಮೊದಲಿಗೆ

ಮೂತ್ರ ಅಂದ್ರೆ ಕೊಳೆ ನೀರು ಅಷ್ಟೇ ಅಲ್ವಾ? ಅದರಲ್ಲಿ ಸಂಗಾತಿನ ಕರೆಯೋ ವಾಸನೆ ಎಲ್ಲಿಂದ ಬರುತ್ತೆ?

ಮೂತ್ರಪಿಂಡ ರಕ್ತವನ್ನು ಸೋಸುತ್ತದೆ. ರಕ್ತದಲ್ಲಿ ಏನು ಓಡಾಡುತ್ತಿತ್ತೋ ಅದರ ಲೆಕ್ಕವೆಲ್ಲ ಮೂತ್ರಕ್ಕೆ ಇಳಿಯುತ್ತದೆ: ತಿಂದ ಮೇವಿನ ಗುರುತು, ಒಡೆದುಹೋದ ಹಾರ್ಮೋನುಗಳ ಚೂರು, ಕಾಯಿಲೆಯ ಸುಳಿವು. ಬೆದೆಗೆ ಬಂದ ಹೆಣ್ಣಿನಲ್ಲಿ ಈಸ್ಟ್ರೋಜನ್ ಏರಿದರೆ ಅದರ ಗುರುತು ಮೂತ್ರದಲ್ಲಿ ಬರಲೇಬೇಕು. ಹೊರಗೆ ಬರುವ ದಾರಿಯಲ್ಲಿ ಯೋನಿಯ ಲೋಳೆ, ಶಿಶ್ನದ ತೊಗಲಿನ ಸುತ್ತಲಿನ ಗ್ರಂಥಿಗಳ ಸ್ರಾವವೂ ಸೇರುತ್ತವೆ. ನೆಲಕ್ಕೆ ಬಿದ್ದ ಮೇಲೆ ಬ್ಯಾಕ್ಟೀರಿಯಾಗಳ ಕೆಲಸ ಶುರು. ಯೂರಿಯಾಕ್ಕೆ ತನ್ನದೇ ವಾಸನೆ ಇಲ್ಲ. ಅದನ್ನು ಅವು ಒಡೆದಾಗ ಮೂಗಿಗೆ ಹೊಡೆಯುವ ಅಮೋನಿಯಾ ಹುಟ್ಟುತ್ತದೆ. ನಮಗೆ ತಿಳಿಯುವ ನಾತ ಬಹುಪಾಲು ಇದೇ. ಪ್ರಾಣಿಗಳು ಓದುವುದು ಇದರ ಅಡಿಯಲ್ಲಿರುವ ಸಣ್ಣ ಪ್ರಮಾಣದ ವಸ್ತುಗಳನ್ನು.

ಹೇಗಿದ್ದರೂ ಎಸೆಯಬೇಕಾದ ನೀರು, ಅದರಲ್ಲೇ ಸುದ್ದಿ ಹೋದರೆ ಅಂಚೆ ಖರ್ಚಿಲ್ಲ. ಮೀನಿನಿಂದ ಆನೆಯವರೆಗೆ ಅಷ್ಟೊಂದು ಪ್ರಾಣಿಗಳು ಇದನ್ನೇ ಹಿಡಿದುಕೊಂಡದ್ದಕ್ಕೆ ಮುಖ್ಯ ಕಾರಣ ಇದು.

ಫೆರೋಮೋನ್ ಅಂತಾರಲ್ಲ, ಅದಕ್ಕೂ ಮಾಮೂಲಿ ವಾಸನೆಗೂ ಏನು ವ್ಯತ್ಯಾಸ?

ಒಂದೇ ಜಾತಿಯ ಒಂದು ಪ್ರಾಣಿ ಹೊರಬಿಟ್ಟು, ಅದೇ ಜಾತಿಯ ಇನ್ನೊಂದರಲ್ಲಿ ನಿಶ್ಚಿತವಾದ ವರ್ತನೆಯನ್ನೋ ದೇಹದ ಬದಲಾವಣೆಯನ್ನೋ ಎಬ್ಬಿಸುವ ರಾಸಾಯನಿಕ ಫೆರೋಮೋನು. ಈ ಪದವನ್ನು ಪೀಟರ್ ಕಾರ್ಲ್‌ಸನ್ ಮತ್ತು ಮಾರ್ಟಿನ್ ಲೂಷರ್ 1959ರಲ್ಲಿ ಟಂಕಿಸಿದರು. ಅದೇ ವರ್ಷ ಅಡಾಲ್ಫ್ ಬ್ಯುಟೆನಾಂಟ್ ಮೊದಲ ಫೆರೋಮೋನನ್ನು ಗುರುತಿಸಿದರು. ಅದು ಸಿಕ್ಕಿದ್ದು ನಮಗೆ ಚೆನ್ನಾಗಿ ಪರಿಚಯವಿರುವ ಜೀವಿಯಲ್ಲೇ, ರೇಷ್ಮೆ ಪತಂಗದಲ್ಲಿ. ಸುಮಾರು 5 ಲಕ್ಷ ಹೆಣ್ಣು ಪತಂಗಗಳ ಗ್ರಂಥಿಗಳಿಂದ ಕೆಲವೇ ಮಿಲಿಗ್ರಾಂ ವಸ್ತು ಹೊರಟಿತು. ಹೆಸರು ಬಾಂಬಿಕಾಲ್.

ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ಮೊಟ್ಟೆ ತಯಾರಿಸುವ ಕಡೆ ಹೋದರೆ ಇದನ್ನು ಕಣ್ಣಾರೆ ನೋಡಬಹುದು. ಗೂಡಿನಿಂದ ಹೊರಬಂದ ಹೆಣ್ಣು ಕೂತಲ್ಲೇ ಕೂತು, ಹೊಟ್ಟೆಯ ತುದಿಯಿಂದ ಎರಡು ಹಳದಿ ಉಬ್ಬುಗಳನ್ನು ಹೊರಗೆ ತಳ್ಳುತ್ತದೆ. ಹತ್ತಿರದ ಗಂಡು ಹಾರಲಾರದು, ಆದರೂ ರೆಕ್ಕೆ ಪಟಪಟ ಬಡಿಯುತ್ತ ಸುತ್ತುತ್ತ ಅವಳ ಕಡೆ ಬರುತ್ತದೆ. ಹೆಣ್ಣನ್ನು ಎತ್ತಿ ಬೇರೆಡೆ ಇಟ್ಟರೂ, ಅವಳು ಕೂತಿದ್ದ ಕಾಗದದ ಮೇಲೆ ಗಂಡಿನ ಕುಣಿತ ನಡೆಯುತ್ತಲೇ ಇರುತ್ತದೆ. ಇದರಲ್ಲಿ ಮೂತ್ರದ ಪಾತ್ರವಿಲ್ಲ, ಬರೀ ಗ್ರಂಥಿಯ ಕೆಲಸ. ಸಸ್ತನಿಗಳಲ್ಲಿ ಇಷ್ಟು ನೇರವಾದ ಒಂದು ವಸ್ತು, ಒಂದು ಉತ್ತರ ಎನ್ನುವ ಲೆಕ್ಕ ಅಪರೂಪ. ಅಲ್ಲಿ ಹತ್ತಾರು ವಸ್ತುಗಳ ಮಿಶ್ರಣ, ಜತೆಗೆ ನೆನಪು, ಅನುಭವ ಎಲ್ಲ ಸೇರಿರುತ್ತದೆ.

ಹೋರಿ ಗಂಜಲ ಮೂಸಿ ತುಟಿ ಮೇಲೆತ್ತಿ ನಗುತ್ತಲ್ಲ, ಯಾಕೆ?

ನಗುವಲ್ಲ, ಉಸಿರು ಕಟ್ಟಿ ಪರೀಕ್ಷೆ ಮಾಡುತ್ತಿದೆ. ಹಸು ಗಂಜಲ ಹೊಯ್ಯುವಾಗ ಹೋರಿ ಮೂಗು ಅಡ್ಡ ಹಿಡಿಯುತ್ತದೆ, ನಾಲಿಗೆಗೆ ಸ್ವಲ್ಪ ತಗೊಳ್ಳುತ್ತದೆ, ಕತ್ತು ಮೇಲೆತ್ತಿ ಮೇಲ್ದುಟಿ ಮಡಚಿ ಕೆಲವು ಸೆಕೆಂಡು ಹಾಗೇ ನಿಲ್ಲುತ್ತದೆ. ದನಗಳಿಗೆ ಮೇಲೆ ಮುಂಬಲ್ಲು ಇಲ್ಲ, ಗಟ್ಟಿಯಾದ ಒಸಡು ಮಾತ್ರ. ಅದರ ಹಿಂದೆ, ಅಂಗುಳದಲ್ಲಿ ಎರಡು ಸಣ್ಣ ರಂಧ್ರಗಳು. ತುಟಿ ಮಡಚಿದಾಗ ಗಂಜಲದ ಅಂಶ ಆ ರಂಧ್ರಗಳ ಮೂಲಕ ಜೇಕಬ್‌ಸನ್ ಅಂಗಕ್ಕೆ ಏರುತ್ತದೆ. ಲುಡ್ವಿಗ್ ಜೇಕಬ್‌ಸನ್ 1813ರಲ್ಲಿ ವಿವರಿಸಿದ ಈ ಅಂಗ ಮೂಗಿಗಿಂತ ಬೇರೆ. ಹಾರದ, ಭಾರವಾದ ಅಣುಗಳನ್ನೂ ಗುರುತಿಸುತ್ತದೆ, ಅದರ ನರದ ದಾರಿಯೂ ಬೇರೆ.

ಕುದುರೆ, ಎಮ್ಮೆ, ಹೋತ, ಟಗರು ಎಲ್ಲವೂ ಹೀಗೆ ಮಾಡುತ್ತವೆ. ಬೆಕ್ಕು ಬಾಯಿ ಅರ್ಧ ತೆರೆದು, ಏನೋ ನೋಡಿ ದಂಗುಬಡಿದಂತೆ ನಿಲ್ಲುತ್ತದೆ. ನಾಯಿ ತುಟಿ ಮಡಚುವುದಿಲ್ಲ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಲ್ಲು ಕಟಕಟ ಮಾಡುತ್ತದೆ. ಚಳಿ ಅಂದುಕೊಂಡು ಸ್ವೆಟರ್ ಹಾಕಬೇಡಿ.

ನಾಯಿ ಪ್ರತಿ ಕಂಬಕ್ಕೂ ಕಾಲೆತ್ತುತ್ತೆ. ಅಷ್ಟು ಮೂತ್ರ ಎಲ್ಲಿರುತ್ತೆ?

ಮೂತ್ರಕೋಶವನ್ನು ಒಂದೇ ಸಲ ಖಾಲಿ ಮಾಡದೆ ಹನಿ ಹನಿಯಾಗಿ ಹಂಚುತ್ತದೆ. ಕೊನೆಯಲ್ಲಿ ಏನೂ ಬರದಿದ್ದರೂ ಕಾಲೆತ್ತುವುದುಂಟು. ಕಾಲು ಎತ್ತುವುದು ಗುರುತು ಮೂಗಿನ ಎತ್ತರಕ್ಕೆ ಸಿಗಲಿ ಎಂದು. ಸಣ್ಣ ತಳಿಯ ನಾಯಿಗಳು ತಮ್ಮ ಗಾತ್ರಕ್ಕೆ ಮೀರಿ ಕಾಲು ಎತ್ತುತ್ತವೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳತೆ ಮಾಡಿ ತೋರಿಸಿದೆ. ಗುರುತು ನೋಡಿದವರಿಗೆ ಇಲ್ಲೊಬ್ಬ ದೊಡ್ಡವನಿದ್ದಾನೆ ಅನ್ನಿಸಬೇಕಲ್ಲ.

## ಮನೆ, ಬೀದಿ, ಕೊಟ್ಟಿಗೆ

ಬೀದಿ ನಾಯಿಗಳು ನಮ್ಮ ಸ್ಕೂಟರ್ ಚಕ್ರಕ್ಕೇ ಮಾಡ್ತವೆ. ಕೆಂಪು ನೀರಿನ ಬಾಟಲಿ ಇಟ್ರೆ ನಿಲ್ಲುತ್ತಾ?

ನಿಲ್ಲುವುದಿಲ್ಲ. ಬೆಂಗಳೂರಿನ ಎಷ್ಟೋ ಗೇಟುಗಳ ಮುಂದೆ ಕುಂಕುಮದ ನೀರೋ ನೀಲಿಯ ನೀರೋ ತುಂಬಿದ ಬಾಟಲಿ ಕೂತಿರುತ್ತದೆ. ನಾಯಿಯ ಕಣ್ಣಿಗೆ ಕಾಣುವುದು ಮುಖ್ಯವಾಗಿ ನೀಲಿ ಮತ್ತು ಹಳದಿ. ಕೆಂಪು ಅದಕ್ಕೆ ಮಂಕಾದ ಕಂದು. ನೀಲಿ ಕಂಡರೂ ಹೆದರುವುದಕ್ಕೆ ಕಾರಣವಿಲ್ಲ. ಬಾಟಲಿ ಹೊಸದಾಗಿದ್ದಾಗ ಎರಡು ದಿನ ಅನುಮಾನ, ಮೂರನೆಯ ದಿನ ಬಾಟಲಿಗೇ ಅಭಿಷೇಕ.

ಚಕ್ರ ಯಾಕೆ ಇಷ್ಟ? ನೆಟ್ಟಗೆ ನಿಂತಿದೆ, ಮೂಗಿನ ಎತ್ತರದಲ್ಲಿದೆ, ರಬ್ಬರಿನ ಗೀರುಗಳಲ್ಲಿ ವಾಸನೆ ಉಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನಿಮ್ಮ ಗಾಡಿ ದಿನವೂ ಬೇರೆ ಬೀದಿಯ ನಾಯಿಗಳ ಗುರುತು ಹೊತ್ತು ತರುತ್ತದೆ. ಅದಕ್ಕೆ ಈ ಬೀದಿಯ ಗಂಡು ಉತ್ತರ ಬರೆಯಲೇಬೇಕು. ಹಾಗಾಗಿ ಸಂಜೆ ಗಾಡಿ ನಿಲ್ಲಿಸಿದ ಕೂಡಲೇ ಎರಡು ಚಕ್ರಕ್ಕೂ ಒಂದೊಂದು ಮಗ್ ಸೋಪಿನ ನೀರು ಹಾಕಿ ಉಜ್ಜಿ, ಮತ್ತೆ ಬರೀ ನೀರು ಹಾಕಿ. ಬೆಳಗ್ಗೆ ತೊಳೆದರೆ ಅಷ್ಟು ಪ್ರಯೋಜನವಿಲ್ಲ, ರಾತ್ರಿಯ ಬರವಣಿಗೆ ಆಗಲೇ ಮುಗಿದಿರುತ್ತದೆ. ಚಕ್ರದ ಮುಂದೆ ಹಲಗೆ ಒರಗಿಸಿಟ್ಟರೆ ಗುರಿ ಹಲಗೆಗೆ ಬದಲಾಗುತ್ತದೆ. ಅದನ್ನು ತೊಳೆಯುವುದು ಸುಲಭ. ಮೆಣಸಿನ ಪುಡಿ, ಆಸಿಡ್, ನ್ಯಾಫ್ತಲೀನ್ ಗುಳಿಗೆ ಹಾಕಬೇಡಿ. ಪ್ರಾಣಿಗೆ ಹಿಂಸೆ, ಮಕ್ಕಳಿಗೂ ಅಪಾಯ.

ನಮ್ಮ ಹೆಣ್ಣು ನಾಯಿ ಬೆದೆಗೆ ಬಂದಿದೆ, ಗೇಟ್ ಮುಂದೆ ಗಂಡು ನಾಯಿಗಳ ಜಾತ್ರೆ. ಎಷ್ಟು ದಿನ ಇದು?

ಒಟ್ಟು ಸುಮಾರು 3 ವಾರ. ಮೊದಲ 9 ದಿನಗಳ ಆಸುಪಾಸು ರಕ್ತ ಮಿಶ್ರಿತ ಸ್ರಾವ. ಗಂಡುಗಳು ಬರುತ್ತವೆ, ಇವಳು ಹತ್ತಿರ ಸೇರಿಸುವುದಿಲ್ಲ. ಮುಂದಿನ 9 ದಿನಗಳ ಆಸುಪಾಸು ಸ್ರಾವ ತಿಳಿಯಾಗುತ್ತದೆ, ಬಾಲ ಪಕ್ಕಕ್ಕೆ ಸರಿಸಿ ನಿಲ್ಲುತ್ತಾಳೆ. ಜನ ಎಡವುವುದು ಇಲ್ಲೇ: ರಕ್ತ ನಿಂತಿತು, ಮುಗಿಯಿತು ಎಂದು ಗೇಟು ತೆಗೆಯುತ್ತಾರೆ. ಗರ್ಭ ಕಟ್ಟುವ ಕಾಲ ಆಗ ಶುರುವಾಗಿರುತ್ತದೆ. ನಾಯಿಯಿಂದ ನಾಯಿಗೆ ದಿನಗಳು ಬಹಳ ಬದಲಾಗುವುದರಿಂದ ಪೂರ್ತಿ 4 ವಾರ ಕಾವಲಿರಲಿ.

ಈ ದಿನಗಳಲ್ಲಿ ಅವಳೂ ಹೆಚ್ಚು ಸಲ, ಸ್ವಲ್ಪ ಸ್ವಲ್ಪವೇ ಮೂತ್ರ ಮಾಡುತ್ತಾಳೆ, ಸುದ್ದಿ ಹಂಚುತ್ತಿದ್ದಾಳೆ. ಗೇಟಿನ ಮುಂದೆಯೇ ಬಿಟ್ಟರೆ ವಿಳಾಸ ಬರೆದು ಅಂಟಿಸಿದಂತೆ. ಸಾಧ್ಯವಾದರೆ ಮೆಟ್ಟಿಲಿಂದ ಎತ್ತಿಕೊಂಡೋ ಗಾಡಿಯಲ್ಲೋ ದೂರ ಕರೆದೊಯ್ದು ಮಾಡಿಸಿ. ತಾರಸಿಯಲ್ಲಿ ಮಾಡಿಸಿದರೆ ಕೂಡಲೇ ಒಂದು ಬಕೆಟ್ ನೀರು ಹೊಯ್ಯಿರಿ, ಆ ನೀರು ರಸ್ತೆಗೆ ಹರಿಯದಂತೆ ನೋಡಿಕೊಳ್ಳಿ. ಡೈಪರ್ ನೆಲ ಕೆಡದಂತೆ ತಡೆಯುತ್ತದೆ, ಗಂಡನ್ನು ತಡೆಯುವುದಿಲ್ಲ.

ಆಪರೇಷನ್ ಮಾಡಿಸುವುದಾದರೆ ಬೆದೆಯ ನಡುವೆ ಬೇಡ. ಗರ್ಭಕೋಶಕ್ಕೆ ರಕ್ತ ಹೆಚ್ಚು ಹರಿಯುತ್ತಿರುತ್ತದೆ. ಸಾಮಾನ್ಯವಾಗಿ ವೈದ್ಯರು 2–3 ತಿಂಗಳು ಬಿಟ್ಟು ಬರಲು ಹೇಳುತ್ತಾರೆ. ಬೆದೆ ಮುಗಿದ ಮುಂದಿನ ವಾರಗಳಲ್ಲಿ ನಾಯಿ ವಿಪರೀತ ನೀರು ಕುಡಿದು, ಮಂಕಾಗಿ, ಕೀವಿನಂಥ ಸ್ರಾವ ಬಂದರೆ ಗರ್ಭಕೋಶದ ಸೋಂಕು ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಬೀದಿಯ ನಾಯಿಗೆ ಆಪರೇಷನ್ ಆಗಿದೆಯೇ ಎಂದು ತಿಳಿಯಲು ಕಿವಿ ನೋಡಿ: ಆಗಿದ್ದರೆ ಅಂಚಿನಲ್ಲಿ ಕತ್ತರಿಸಿದ ಗುರುತು ಇರುತ್ತದೆ.

ಗಂಡು ಬೆಕ್ಕು ಪರದೆಗೆ ಬೆನ್ನು ಹಾಕಿ ಪಿಚಕಾರಿ ಹೊಡೆಯುತ್ತೆ. ನಮ್ಮ ಮೇಲೆ ಸಿಟ್ಟಾ?

ಸಿಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಹೊಡೆದರೆ ಹೆದರಿಕೆ ಹೆಚ್ಚಾಗಿ ಪಿಚಕಾರಿಯೂ ಹೆಚ್ಚುತ್ತದೆ.

ಮೊದಲು ಇದು ಯಾವುದೆಂದು ನೋಡಿ. ನಿಂತುಕೊಂಡು, ಬಾಲ ಮೇಲಕ್ಕೆತ್ತಿ ತುದಿ ನಡುಗಿಸುತ್ತ, ಗೋಡೆ, ಪರದೆ, ಬಾಗಿಲ ಚೌಕಟ್ಟಿನ ಮೇಲೆ ಸ್ವಲ್ಪವೇ ಸಿಡಿಸಿದರೆ ಗುರುತು ಹಾಕುವುದು. ಕೂತು ನೆಲದ ಮೇಲೆ, ಹಾಸಿಗೆಯ ಮೇಲೆ ಹೆಚ್ಚು ಮಾಡಿದರೆ ಲಿಟರ್ ಟ್ರೇ ಸರಿಯಿಲ್ಲ ಅಥವಾ ಕಾಯಿಲೆ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿದರೂ ಹನಿಯೂ ಬರುತ್ತಿಲ್ಲವೆಂದರೆ ಮೂತ್ರದ ದಾರಿ ಕಟ್ಟಿದೆ. ಬೆಳಗ್ಗೆವರೆಗೂ ಕಾಯಬೇಡಿ, ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರುತ್ತದೆ.

ಗಂಡು ಬೆಕ್ಕಿನ ಮೂತ್ರದ ಆ ಘಾಟಿಗೆ ಮೂಲ ಫೆಲಿನಿನ್ ಎಂಬ ಗಂಧಕಯುಕ್ತ ಅಮೈನೋ ಆಮ್ಲ. ಕಾಕ್ಸಿನ್ ಎಂಬ ಪ್ರೋಟೀನು ಮೂತ್ರಪಿಂಡದಲ್ಲಿ ಅದರ ತಯಾರಿಗೆ ನೆರವಾಗುತ್ತದೆ. ಹೊರಗೆ ಬಂದ ಮೇಲೆ ಫೆಲಿನಿನ್ ನಿಧಾನವಾಗಿ ಒಡೆದು ಗಂಧಕದ ಘಾಟು ಬಿಡುತ್ತ ಹೋಗುತ್ತದೆ. ಹಾಗಾಗಿ ಅದು ನಾಳೆಗಿಂತ ನಾಡಿದ್ದು ಜೋರು. ಬೀಜವಿರುವ ಗಂಡಿನಲ್ಲಿ ಇವೆರಡೂ ಅತಿ ಹೆಚ್ಚು. ಬೀಜ ತೆಗೆಸಿದರೆ ಹತ್ತು ಗಂಡುಗಳಲ್ಲಿ ಸುಮಾರು ಒಂಬತ್ತರಲ್ಲಿ ಸಿಡಿಸುವುದು ಕಡಿಮೆಯಾಗುತ್ತದೆ ಅಥವಾ ನಿಲ್ಲುತ್ತದೆ. ಕೆಲವಕ್ಕೆ ಕೂಡಲೇ, ಕೆಲವಕ್ಕೆ ವಾರಗಳು ಹಿಡಿಯುತ್ತವೆ. 5 ತಿಂಗಳ ಆಸುಪಾಸು, ಚಟ ಹತ್ತುವ ಮೊದಲೇ ಮಾಡಿಸುವುದು ಉತ್ತಮ. ಹೆಣ್ಣೂ ಬೆದೆಯಲ್ಲಿ ಸಿಡಿಸುತ್ತದೆ.

ಆಪರೇಷನ್ ಆದ ಮೇಲೂ ಮುಂದುವರಿದರೆ ಕಿಟಕಿಯ ಹೊರಗೆ ನೋಡಿ. ಕಾಂಪೌಂಡಿನ ಮೇಲೆ ಬಂದು ಕೂರುವ ಪರಕೀಯ ಬೆಕ್ಕೇ ಸಾಮಾನ್ಯವಾಗಿ ಕಾರಣ. ಆ ಕಿಟಕಿಯ ಕೆಳ ಅರ್ಧಕ್ಕೆ ಕಾಗದ ಅಂಟಿಸಿ. ಮನೆಯಲ್ಲಿ ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಹೆಚ್ಚು ಟ್ರೇ ಇರಲಿ.

ಎಷ್ಟು ತೊಳೆದರೂ ಮಳೆ ಬಂದ್ರೆ ವಾಸನೆ ಮತ್ತೆ ಏಳುತ್ತೆ. ಫಿನಾಯಿಲ್ ಹಾಕಿದ್ರೂ ಹೋಗ್ತಿಲ್ಲ.

ನೀರಲ್ಲಿ ಕರಗುವ ಭಾಗ ತೊಳೆದಾಗ ಹೋಯಿತು. ಯೂರಿಕ್ ಆಮ್ಲದ ಹರಳುಗಳು ಅಷ್ಟು ಸುಲಭವಾಗಿ ಕರಗುವುದಿಲ್ಲ, ಬಟ್ಟೆಯ ಎಳೆಯಲ್ಲಿ, ಸಿಮೆಂಟಿನ ರಂಧ್ರದಲ್ಲಿ ಕೂತುಬಿಡುತ್ತವೆ. ಜುಲೈ ತಿಂಗಳ ತೇವಕ್ಕೆ ಮತ್ತೆ ಜೀವ ಬರುತ್ತದೆ. ಫಿನಾಯಿಲ್ ಮೇಲೊಂದು ವಾಸನೆ ಹೊದಿಸುತ್ತದೆ ಅಷ್ಟೇ. ಅದರಲ್ಲಿರುವ ಫೀನಾಲ್‌ಗಳನ್ನು ಬೆಕ್ಕಿನ ಯಕೃತ್ತು ಅರಗಿಸಲಾರದು. ಪಾದ ನೆಕ್ಕಿಕೊಂಡರೆ ವಿಷ. ಬ್ಲೀಚಿಂಗ್ ಪುಡಿಯನ್ನು ನೇರ ಮೂತ್ರದ ಮೇಲೆ ಹಾಕಿದರೆ ಅಮೋನಿಯಾದೊಂದಿಗೆ ಸೇರಿ ಕ್ಲೋರಮೈನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಕೆಮ್ಮು ಹಿಡಿಯುವುದು ಅದಕ್ಕೇ.

ಹೀಗೆ ಮಾಡಿ. ಹಸಿ ಇದ್ದರೆ ಹಳೆ ನ್ಯೂಸ್‌ಪೇಪರ್ ಒತ್ತಿ ಹೀರಿಸಿ, ಉಜ್ಜಬೇಡಿ. ತಣ್ಣೀರು ಹಾಕಿ ಮತ್ತೆ ಹೀರಿಸಿ. ಬಿಸಿನೀರು ಪ್ರೋಟೀನನ್ನು ಬಟ್ಟೆಗೆ ಕಚ್ಚಿಸುತ್ತದೆ. ಆಮೇಲೆ ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಕಿಣ್ವದ (ಎನ್‌ಜೈಮ್) ಕ್ಲೀನರ್ ಹಾಕಿ. ಬಹಳ ಜನ ಸಿಂಪಡಿಸಿ ಕೂಡಲೇ ಒರೆಸುತ್ತಾರೆ, ಕಿಣ್ವಕ್ಕೆ ಸಮಯವೇ ಸಿಗುವುದಿಲ್ಲ. ಮೂತ್ರ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಆಳ ನೆನೆಯಬೇಕು, ನೆಲದ ಮೇಲೆ ಕನಿಷ್ಠ 15 ನಿಮಿಷ, ಸೋಫಾ ಆದರೆ ಮೇಲೆ ಒದ್ದೆ ಬಟ್ಟೆ ಮುಚ್ಚಿ ಇನ್ನೂ ಹೆಚ್ಚು ಹೊತ್ತು.

ಗಂಡು ಬೆಕ್ಕಿನ ಗಂಧಕದ ಘಾಟಿಗೆ ಹೈಡ್ರೋಜನ್ ಪೆರಾಕ್ಸೈಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಮೆಡಿಕಲ್ ಶಾಪಿನಲ್ಲಿ ಸಾಮಾನ್ಯವಾಗಿ ಸಿಗುವುದು ಶೇ 6ರದ್ದು. ಅದರ 100 ಮಿಲಿಗೆ 100 ಮಿಲಿ ನೀರು, ಒಂದು ಟೇಬಲ್ ಚಮಚ ಅಡುಗೆ ಸೋಡಾ, ಪಾತ್ರೆ ತೊಳೆಯುವ ದ್ರವದ ಕೆಲವು ಹನಿ ಸೇರಿಸಿ ಕೂಡಲೇ ಬಳಸಿ. ಬಾಟಲಿಯಲ್ಲಿ ಮುಚ್ಚಿಟ್ಟರೆ ಅನಿಲ ತುಂಬಿ ಒಡೆಯುತ್ತದೆ. ಬಣ್ಣದ ಬಟ್ಟೆಯಾದರೆ ಮೊದಲು ಮೂಲೆಯಲ್ಲಿ ಪರೀಕ್ಷಿಸಿ. ಇದನ್ನೂ ಕಿಣ್ವದ ಕ್ಲೀನರನ್ನೂ ಒಟ್ಟಿಗೆ ಹಾಕಬೇಡಿ, ಪೆರಾಕ್ಸೈಡ್ ಕಿಣ್ವವನ್ನು ಕೊಲ್ಲುತ್ತದೆ.

ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಗಳ ರೆಡ್ ಆಕ್ಸೈಡ್ ನೆಲ, ಕಡಪ ಕಲ್ಲು, ಅಮೃತಶಿಲೆಗೆ ವಿನೆಗರ್, ನಿಂಬೆರಸ ಹಾಕಬೇಡಿ. ಸುಣ್ಣದ ಅಂಶವನ್ನು ಆಮ್ಲ ತಿಂದು ನೆಲ ಮಂಕಾಗುತ್ತದೆ. ಕಲೆ ಎಲ್ಲಿದೆ ಗೊತ್ತಾಗದಿದ್ದರೆ ರಾತ್ರಿ ದೀಪ ಆರಿಸಿ ಅತಿನೇರಳೆ ಟಾರ್ಚ್ ಹಾಯಿಸಿ. ಮೂತ್ರ ಬಿದ್ದಲ್ಲಿ ಮಂಕು ಹಳದಿ ಹಸಿರು ಹೊಳಪು ಕಾಣುತ್ತದೆ. ಸಾಮಾನ್ಯವಾಗಿ ನೀವು ತೊಳೆದ ಜಾಗಕ್ಕಿಂತ ಒಂದು ಗೇಣು ಆಚೆಯೂ ಇರುತ್ತದೆ.

ಹಸು ಬೆದೆಗೆ ಬಂದಿದ್ದನ್ನ ಗಂಜಲದ ವಾಸನೆಯಿಂದ ನಾವೂ ಕಂಡುಹಿಡಿಯಬಹುದಾ?

ಮನುಷ್ಯರ ಮೂಗಿಗೆ ಆಗದು. ಹೋರಿ ಬರೀ ಮೂಸಿ ಬೆದೆಯ ಹಸುವನ್ನು ಬೇರ್ಪಡಿಸುತ್ತದೆ, ನಾವು ಕಣ್ಣನ್ನೇ ನಂಬಬೇಕು: ಪದೇ ಪದೇ ಸ್ವಲ್ಪ ಸ್ವಲ್ಪ ಗಂಜಲ, ಗಾಜಿನ ದಾರದಂತೆ ಜೋಲುವ ತಿಳಿ ಲೋಳೆ, ಕೂಗು, ಹಾಲು ಇಳಿಕೆ. ಎಲ್ಲಕ್ಕಿಂತ ಖಚಿತವಾದದ್ದು ಇನ್ನೊಂದು ಹಸು ಮೇಲೆ ಹತ್ತಿದಾಗ ಕದಲದೆ ನಿಲ್ಲುವುದು. ಬೆದೆಯ ಚಕ್ರ 21 ದಿನ, 18ರಿಂದ 24ರವರೆಗೆ ಹೆಚ್ಚು ಕಡಿಮೆ. ಬೆದೆ ಇರುವುದು 12–18 ಗಂಟೆ ಮಾತ್ರ. ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆಯ ಬೆಳಗ್ಗೆ ಇಂಜೆಕ್ಷನ್, ಅಂದರೆ ಕೃತಕ ಗರ್ಭಧಾರಣೆ ಮಾಡಿಸಿ. ಅಂಡ ಬಿಡುಗಡೆಯಾಗುವುದು ಬೆದೆ ಇಳಿದ ಮೇಲೆ, ಅವಸರ ಮಾಡಿದರೆ ವೀರ್ಯ ಮೊದಲೇ ಸಾಯುತ್ತದೆ.

ಕಟ್ಟಿಯೇ ಮೇಯಿಸುವ ಒಂಟಿ ಹಸುವಿನಲ್ಲಿ, ಎಮ್ಮೆಯಲ್ಲಿ ಮೂಕ ಬೆದೆ, ಅಂದರೆ ಹೊರಗೆ ಸುಲಭಕ್ಕೆ ಗೊತ್ತಾಗದ ಬೆದೆ ಹೆಚ್ಚು. ಎಮ್ಮೆಯ ಲಕ್ಷಣಗಳು ರಾತ್ರಿ, ನಸುಕಿನಲ್ಲಿ ಕಾಣುತ್ತವೆ. ರಾತ್ರಿ 10ಕ್ಕೆ ಮತ್ತು ಬೆಳಗ್ಗೆ 5ಕ್ಕೆ ಹತ್ತು ಹತ್ತು ನಿಮಿಷ ಸುಮ್ಮನೆ ನಿಂತು ನೋಡುವುದಕ್ಕಿಂತ ಒಳ್ಳೆ ಉಪಾಯವಿಲ್ಲ.

ಹೋತನ ನಾತ ತಡೆಯೋಕಾಗಲ್ಲ. ಆಡುಗಳಿಂದ ದೂರ ಕಟ್ಟಿದ್ರೆ ತೊಂದರೆಯಾ?

ದೂರ ಕಟ್ಟಿ, ಲಾಭವೇ ಇದೆ. ಹೋತ ತನ್ನ ಗಡ್ಡದ ಮೇಲೆ, ಮುಂಗಾಲ ಮೇಲೆ, ಕೆಲವೊಮ್ಮೆ ಬಾಯಿಗೇ ಉಚ್ಚೆ ಹೊಯ್ದುಕೊಳ್ಳುತ್ತದೆ. ಆದರೆ ಹೆಣ್ಣಾಡಿನ ಮಿದುಳನ್ನು ಎಬ್ಬಿಸುವ ವಸ್ತು ತಲೆಯ ಕೂದಲಿನ ಬುಡದಿಂದ ಬರುತ್ತದೆ. ಹೋತಗಳ ತಲೆಗೆ ಟೋಪಿ ತೊಡಿಸಿ, ಏಳುವ ಆವಿಯನ್ನು ಹಿಡಿದು ಜಪಾನಿನ ವಿಜ್ಞಾನಿಗಳು 2014ರಲ್ಲಿ ಅದನ್ನು ಗುರುತಿಸಿದರು: 4-ಈಥೈಲ್ ಆಕ್ಟನಾಲ್. ಗಾಳಿಗೆ ತೆರೆದಾಗ ಇದೇ ನಾವು ಮೂಗು ಮುಚ್ಚಿಕೊಳ್ಳುವ ಆಮ್ಲವಾಗುತ್ತದೆ. ಬೀಜ ಒಡೆಸಿದ ಹೋತದಲ್ಲಿ ಇದು ಸಿಗಲಿಲ್ಲ.

ಬಳಸುವ ಕ್ರಮ: ಹೋತವನ್ನು ಕನಿಷ್ಠ 3–4 ವಾರ ಕಣ್ಣಿಗೂ ಮೂಗಿಗೂ ಸಿಗದಷ್ಟು ದೂರ ಇಡಿ. ಒಂದೇ ಕೊಟ್ಟಿಗೆಯ ಇನ್ನೊಂದು ಮೂಲೆ ಸಾಲದು, ಗಾಳಿ ಬೀಸುವ ದಿಕ್ಕನ್ನೂ ನೋಡಿ. ಬೆದೆಗೆ ಬಾರದೆ ನಿಂತಿರುವ ಹೆಣ್ಣುಗಳ ನಡುವೆ ಆಮೇಲೆ ಒಮ್ಮೆಲೇ ಬಿಡಿ. ಮೂರು ದಿನದ ಆಸುಪಾಸು ಮೊದಲ ಅಂಡೋತ್ಪತ್ತಿ. ಆ ಬೆದೆಯಲ್ಲಿ ಗಬ್ಬ ನಿಲ್ಲದೆ ಐದಾರು ದಿನದಲ್ಲಿ ಮತ್ತೆ ಬೆದೆಗೆ ಬರುವುದು ಸಾಮಾನ್ಯ, ಗಾಬರಿಯಾಗಬೇಡಿ. ಎರಡನೆಯದರಲ್ಲಿ ನಿಲ್ಲುವ ಸಂಭವ ಹೆಚ್ಚು. ಮರಿಗಳೆಲ್ಲ ಕೆಲವೇ ದಿನದ ಅಂತರದಲ್ಲಿ ಹುಟ್ಟುವುದರಿಂದ ಮಾರುವುದೂ ಸುಲಭ. ಹೆಣ್ಣುಗಳು ಬಡಕಲಾಗಿದ್ದರೆ ಯಾವ ಹೋತನ ವಾಸನೆಯೂ ನಡೆಯದು. ಬಿಡುವ ಎರಡು ವಾರ ಮೊದಲೇ ದಾಣಿ ಹೆಚ್ಚಿಸಿ.

ಪ್ರಾಣಿ ಮೂತ್ರ ಮುಟ್ಟಿದ್ರೆ ರೋಗ ಬರುತ್ತಾ?

ಮುಖ್ಯವಾಗಿ ಹೆದರಬೇಕಾದದ್ದು ಇಲಿ ಜ್ವರಕ್ಕೆ, ಅಂದರೆ ಲೆಪ್ಟೋಸ್ಪೈರೋಸಿಸ್‌ಗೆ. ಇಲಿ, ಹೆಗ್ಗಣಗಳಲ್ಲದೆ ನಾಯಿ, ದನಗಳ ಮೂತ್ರದಿಂದಲೂ ಬರುತ್ತದೆ. ಮಳೆಗೆ ರಸ್ತೆಯಲ್ಲಿ ನಿಂತ ನೀರಲ್ಲಿ ಗಾಯದ ಕಾಲಿಟ್ಟು ನಡೆದರೆ ದಾರಿ ಮಾಡಿಕೊಟ್ಟಂತೆ. ಸಾಮಾನ್ಯವಾಗಿ 5–14 ದಿನದಲ್ಲಿ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು. ವೈದ್ಯರಿಗೆ ನೀರಲ್ಲಿ ನಡೆದದ್ದನ್ನು ತಪ್ಪದೆ ಹೇಳಿ. ಕೊಟ್ಟಿಗೆ ತೊಳೆಯುವಾಗ ಗಮ್‌ಬೂಟು, ಕೈಗವಸು ಇರಲಿ. ನಾಯಿಗೆ ವರ್ಷಕ್ಕೊಮ್ಮೆ ಕೊಡಿಸುವ ಲಸಿಕೆಯಲ್ಲಿ ಲೆಪ್ಟೋ ಸೇರಿದೆಯೇ ಎಂದು ಕೇಳಿ. ಗರ್ಭಿಣಿಯರು ಹೆದರುವ ಟಾಕ್ಸೋಪ್ಲಾಸ್ಮಾ ಬೆಕ್ಕಿನ ಮಲದಿಂದ ಬರುವುದು, ಮೂತ್ರದಿಂದ ಅಲ್ಲ.

## ಕಾಡು, ಕೆರೆ, ಕ್ಯಾಂಪಸ್

ಸಫಾರಿಯಲ್ಲಿ ಗೈಡ್ 'ಬಾಸ್ಮತಿ ಘಮ ಬಂತಾ, ಹುಲಿ ಇಲ್ಲೇ ಇತ್ತು' ಅಂದ್ರು. ತಮಾಷೆ ಮಾಡಿದ್ರಾ?

ನಿಜವನ್ನೇ ಹೇಳಿದ್ದಾರೆ. ಬಾಸ್ಮತಿಯ ಘಮಕ್ಕೆ ಕಾರಣವಾದ 2-ಅಸಿಟೈಲ್-1-ಪೈರೋಲೀನ್ ಹುಲಿ ಸಿಡಿಸುವ ದ್ರವದಲ್ಲೂ ಇದೆ ಎಂದು ಕೋಲ್ಕತ್ತದ ಜೀವರಸಾಯನ ವಿಜ್ಞಾನಿ ರತನ್‌ಲಾಲ್ ಬ್ರಹ್ಮಚಾರಿ ತೋರಿಸಿದರು. ನಮ್ಮ ಮಲೆನಾಡಿನ ಗಂಧಸಾಲೆಯಂಥ ಸುವಾಸನೆಯ ಅಕ್ಕಿಗಳ ಘಮವೂ ಇದೇ ವಸ್ತುವಿನದು. ಹುಲಿ ಮರಕ್ಕೆ ಬೆನ್ನು ಹಾಕಿ, ಬಾಲ ಎತ್ತಿ, ಹಿಂದಕ್ಕೆ ಮೇಲ್ಮುಖವಾಗಿ ಸಿಡಿಸುತ್ತದೆ. ಮಳೆಗೆ ತೊಳೆದುಹೋಗದಂತೆ ಓರೆಯಾಗಿ ಬಾಗಿದ ಕಾಂಡದ ಒಳಮಗ್ಗುಲನ್ನು ಹುಡುಕುವುದೂ ಉಂಟು. ದ್ರವದಲ್ಲಿ ಕೊಬ್ಬಿನ ಅಂಶವಿರುವುದರಿಂದ ವಾಸನೆ ನಿಧಾನಕ್ಕೆ ಬಿಡುಗಡೆಯಾಗುತ್ತ ದಿನಗಟ್ಟಲೆ ಉಳಿಯುತ್ತದೆ. ಬೆದೆ ಹತ್ತಿರವಾದಂತೆ ಹೆಣ್ಣು ಹುಲಿ ಹೆಚ್ಚು ಹೆಚ್ಚು ಗುರುತು ಹಾಕುತ್ತಾಳೆ.

ಆನೆಗೆ ಮದ ಬಂದಾಗ ಕಾಲ ಮೇಲೆಲ್ಲ ಮೂತ್ರ ಸೋರುತ್ತಿರುತ್ತೆ. ಅದು ಹೆಣ್ಣಾನೆಗೆ ಕರೆಯಾ?

ಹೌದು, ಜತೆಗೆ ಬೇರೆ ಗಂಡುಗಳಿಗೆ ಎಚ್ಚರಿಕೆ. ಕಣ್ಣು ಕಿವಿಗಳ ನಡುವಿನ ಗ್ರಂಥಿಯಿಂದ ಕೆನ್ನೆಗೆ ಇಳಿಯುವ ಮದಜಲ ಒಂದು ಕಡೆ, ಹಿಂಗಾಲು ತೋಯಿಸುವ ಮೂತ್ರ ಇನ್ನೊಂದು ಕಡೆ. ನಡೆದ ದಾರಿಯುದ್ದಕ್ಕೂ ವಾಸನೆಯ ಗೆರೆ. ಮಾವುತರು ಸೋರುವಿಕೆ ಕಂಡ ಕೂಡಲೇ ಸರಪಳಿ ಬಿಗಿಮಾಡುವುದು ಸುಮ್ಮನೆ ಅಲ್ಲ.

ಹೆಣ್ಣಾನೆಯ ಕಥೆ ಇನ್ನೂ ಸೊಗಸು. ಅವಳ ಬೆದೆಯ ಚಕ್ರ 14–16 ವಾರ, ಗರ್ಭ ಕಟ್ಟುವ ಅವಕಾಶ ಕೆಲವೇ ದಿನ. ತಪ್ಪಿದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಅಂಡೋತ್ಪತ್ತಿಗೆ ಮುಂಚಿನ ವಾರಗಳಲ್ಲಿ ಅವಳ ಮೂತ್ರದಲ್ಲಿ ಒಂದು ವಸ್ತು ಏರುತ್ತ ಹೋಗುತ್ತದೆ ಎಂದು ಬೆಟ್ಸ್ ರಾಸ್ಮುಸೆನ್ ತಂಡ 1996ರಲ್ಲಿ ಪ್ರಕಟಿಸಿತು: ಝಡ್-7-ಡೋಡೆಸೀನೈಲ್ ಅಸಿಟೇಟ್. ಸಲಗ ಸೊಂಡಿಲ ತುದಿಯನ್ನು ಆ ಮೂತ್ರಕ್ಕೆ ಮುಟ್ಟಿಸಿ, ಹಾಗೇ ಮಡಚಿ ಅಂಗುಳಕ್ಕೆ ಒತ್ತುತ್ತದೆ.

ಇದೇ ವಸ್ತುವನ್ನು ನೂರಕ್ಕೂ ಹೆಚ್ಚು ಜಾತಿಯ ಪತಂಗಗಳು ಸಂಗಾತಿಯನ್ನು ಕರೆಯಲು ಬಳಸುತ್ತವೆ. 2018ರಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ದೇಶಕ್ಕೇ ಮೊದಲು ಕಂಡ ಫಾಲ್ ಸೈನಿಕ ಹುಳುವೂ ಅವುಗಳಲ್ಲೊಂದು. ರೈತರು ಎಕರೆಗೆ ನಾಲ್ಕೈದು ತೂಗುಹಾಕುವ ಮೋಹಕ ಬಲೆಯ ಮಿಶ್ರಣದಲ್ಲಿ ಇದು ಇರುತ್ತದೆ. ಹಾಗಂತ ಬಲೆಗೆ ಆನೆ ಬರುವುದಿಲ್ಲ. ಬಲೆಯ ಮಾತ್ರೆಯಲ್ಲಿರುವುದು ಅತ್ಯಲ್ಪ ಪ್ರಮಾಣ, ಆನೆಗೆ ಉಳಿದ ಸಂದರ್ಭವೂ ಬೇಕು. ಪತಂಗಕ್ಕೂ ಬರೀ ಇದೊಂದೇ ಸಾಲದು, ಬೇರೆ ಘಟಕಗಳು ಸರಿ ಪ್ರಮಾಣದಲ್ಲಿ ಬೆರೆತಿರಬೇಕು.

ಐಐಎಸ್‌ಸಿ ಕ್ಯಾಂಪಸ್ಸಿನ ಕಾಡುಪಾಪ ಕೈಗೇ ಮೂತ್ರ ಮಾಡಿಕೊಳ್ಳುತ್ತೆ ಅಂತಾರೆ, ನಿಜಾನಾ?

ನಿಜ. ಕೈಗೆ ಹೊಯ್ದುಕೊಂಡು ಕಾಲಿಗೆ ಉಜ್ಜುತ್ತದೆ. ಆಮೇಲೆ ರಾತ್ರಿಯಿಡೀ ಹಿಡಿದ ಪ್ರತಿ ಕೊಂಬೆಯೂ ಒಂದು ಗುರುತು. ಕತ್ತಲಲ್ಲಿ ಒಂಟಿಯಾಗಿ ಓಡಾಡುವ ಪ್ರಾಣಿಗೆ ಹೆಣ್ಣು ಸಿದ್ಧವೋ, ಯಾವ ಕಡೆ ಹೋಯಿತೋ ತಿಳಿಯಲು ಇದು ನೆರವಾಗುತ್ತದೆ. ನಡುವೆ ಎರಡು ಮರ ಕಡಿದರೆ ದಾರಿಯೂ ಹೋಯಿತು, ಓದುವ ಸಾಲೂ ಹೋಯಿತು.

ಕೆರೆಯಲ್ಲಿ ಮೀನು ನೀರಲ್ಲೇ ಇರುತ್ತೆ, ಅಲ್ಲಿ ಮೂತ್ರದ ವಾಸನೆ ಏನು ಕೆಲಸಕ್ಕೆ ಬರುತ್ತೆ?

ನೀರಲ್ಲಿ ವಾಸನೆ ಇನ್ನೂ ಚೆನ್ನಾಗಿ ಹರಡುತ್ತದೆ. ನಾವು ಜಿಲೇಬಿ ಎಂದು ಕರೆಯುವ ಟಿಲಾಪಿಯಾ ಆಫ್ರಿಕಾದ್ದು, ಮೊಜಾಂಬಿಕ್ ಟಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂತು. ಅದರ ಗಂಡು ತಳದಲ್ಲಿ ಬಾಣಲೆಯಂಥ ಗುಂಡಿ ತೋಡಿ ಕಾಯುತ್ತದೆ. ಬಲಿಷ್ಠ ಗಂಡು ಮೂತ್ರವನ್ನು ಹಿಡಿದಿಟ್ಟುಕೊಂಡು, ಎದುರಾಳಿ ಬಂದಾಗ ಅಥವಾ ಮೊಟ್ಟೆ ಇಡಲು ಸಿದ್ಧವಾದ ಹೆಣ್ಣು ಬಂದಾಗ ಚಿಕ್ಕ ಚಿಕ್ಕ ಕಂತುಗಳಲ್ಲಿ ಬಿಡುತ್ತದೆ. ಸುದ್ದಿ ಮುಟ್ಟಿಸುವುದು ಆ ಮೂತ್ರದಲ್ಲಿರುವ ಸ್ಟೀರಾಯ್ಡ್ ಅಂಶ. ಸೋತ ಗಂಡಿನ ಮೂತ್ರದಲ್ಲಿ ಅದು ಕಡಿಮೆ.

ಕಸ್ತೂರಿ, ಪುನುಗು ಇವೂ ಮೂತ್ರದಿಂದಲೇ ಬರೋದಾ?

ಅಲ್ಲ. ಕಸ್ತೂರಿ ಗಂಡು ಕಸ್ತೂರಿ ಮೃಗದ ಹೊಕ್ಕುಳು ಮತ್ತು ಜನನಾಂಗದ ನಡುವಿನ ಚೀಲದ್ದು. ಆ ಪ್ರಾಣಿ ಹಿಮಾಲಯದ್ದು, ನಮ್ಮ ಮಲೆನಾಡಲ್ಲಿಲ್ಲ. ಪುನುಗು ಬೆಕ್ಕಿನ ಬಾಲದ ಬುಡದ ಗ್ರಂಥಿಯದು ಪುನುಗು. ಎರಡರ ರಚನೆಯನ್ನೂ ಬಿಡಿಸಿದ ಲಿಯೊಪೋಲ್ಡ್ ರುಝಿಕ 1939ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡದ್ದು ಮೇಲೆ ಹೇಳಿದ ರೇಷ್ಮೆ ಪತಂಗದ ಬ್ಯುಟೆನಾಂಟ್ ಜತೆಗೇ. ರಸ್ತೆ ಬದಿಯಲ್ಲಿ ಮಾರುವ 'ಅಸಲಿ ಕಸ್ತೂರಿ' ಅಸಲಿಯಾದರೆ ಅಪರಾಧ, ನಕಲಿಯಾದರೆ ಮೋಸ.

## ಇನ್ನೂ ಆಳಕ್ಕೆ

ಸೊರಗಿದ ಗಂಡು ಜೋರು ವಾಸನೆ ಬಿಟ್ಟು ಹೆಣ್ಣನ್ನ ಏಮಾರಿಸೋಕಾಗಲ್ವಾ?

ಕಷ್ಟ, ಯಾಕೆಂದರೆ ವಾಸನೆಗೆ ಬಂಡವಾಳ ಬೇಕು. ಬೆಕ್ಕಿನ ಫೆಲಿನಿನ್ ತಯಾರಾಗುವುದು ಮಾಂಸದಿಂದ ಬರುವ ಗಂಧಕಯುಕ್ತ ಅಮೈನೋ ಆಮ್ಲದಿಂದ. ಬೇಟೆ ಸಿಗದ ಗಂಡಿಗೆ ಘಾಟೂ ಇಲ್ಲ. ಗಂಡಿಲಿಯ ಮೂತ್ರದಲ್ಲಿ ಪ್ರೋಟೀನು ಧಾರಾಳವಾಗಿ ಹೋಗುತ್ತದೆ. ಮನುಷ್ಯರಲ್ಲಾದರೆ ಕಿಡ್ನಿ ಕೆಟ್ಟಿದೆ ಎನ್ನುತ್ತಿದ್ದೆವು, ಸುಂಡಿಲಿಗೆ ಅದೇ ಆರೋಗ್ಯದ ಲಕ್ಷಣ. ಈ ಪ್ರೋಟೀನುಗಳು ಪುಟ್ಟ ಡಬ್ಬಿಯಂತೆ ವಾಸನೆಯ ಅಣುಗಳನ್ನು ಒಳಗಿಟ್ಟುಕೊಂಡು ನಿಧಾನಕ್ಕೆ ಬಿಡುತ್ತವೆ.

ಗಂಡಿಲಿಯ ಮೂತ್ರದಿಂದ ಹೆಣ್ಣಿನ ದೇಹವೇ ಬದಲಾಗುತ್ತೆ ಅಂತ ಓದಿದ್ದೆ. ಎಷ್ಟು ನಿಜ?

ಪ್ರಯೋಗಾಲಯದ ಸುಂಡಿಲಿಗಳಲ್ಲಿ ಚೆನ್ನಾಗಿ ಸಾಬೀತಾಗಿದೆ. ಗಂಡಿನ ಮೂತ್ರ ಎಳೆ ಹೆಣ್ಣನ್ನು ಬೇಗ ಪ್ರಾಯಕ್ಕೆ ತರುತ್ತದೆ, ನಿಂತ ಬೆದೆಯನ್ನು ಮತ್ತೆ ಶುರುಮಾಡುತ್ತದೆ. ಹೊಸದಾಗಿ ಕೂಡಿದ ಹೆಣ್ಣಿಗೆ ಮೊದಲ ಕೆಲವು ದಿನಗಳಲ್ಲಿ ಅಪರಿಚಿತ ಗಂಡಿನ ವಾಸನೆ ತಗುಲಿದರೆ ಭ್ರೂಣ ಗರ್ಭಕೋಶಕ್ಕೆ ಅಂಟದೆ ಹೋಗಬಹುದು. ಹಿಲ್ಡಾ ಬ್ರೂಸ್ 1959ರಲ್ಲಿ ಇದನ್ನು ವರದಿ ಮಾಡಿದರು. 2010ರಲ್ಲಿ ಸಿಕ್ಕ ಡಾರ್ಸಿನ್ ಎಂಬ ಪ್ರೋಟೀನು ಒಮ್ಮೆ ಮೂಗಿಗೆ ತಗುಲಿದರೆ ಸಾಕು, ಹೆಣ್ಣು ಆ ಗಂಡಿನ ಉಳಿದ ವಾಸನೆಯನ್ನೂ, ಅದು ಸಿಕ್ಕ ಜಾಗವನ್ನೂ ನೆನಪಿಟ್ಟುಕೊಳ್ಳುತ್ತಾಳೆ. ಇಂಗ್ಲಿಷ್ ಕಾದಂಬರಿಯೊಂದರ ನಾಯಕ ಡಾರ್ಸಿಯ ಹೆಸರನ್ನೇ ಅದಕ್ಕಿಟ್ಟಿದ್ದಾರೆ.

ಫೆರೋಮೋನ್ ಪರ್ಫ್ಯೂಮ್ ಹಾಕಿದ್ರೆ ಮನುಷ್ಯರೂ ಆಕರ್ಷಿತರಾಗ್ತಾರಾ?

ಮನುಷ್ಯರಲ್ಲಿ ಖಚಿತವಾಗಿ ಸಾಬೀತಾದ ಲೈಂಗಿಕ ಫೆರೋಮೋನು ಒಂದೂ ಇಲ್ಲ. ಜೇಕಬ್‌ಸನ್ ಅಂಗದ ಕುರುಹು ನಮ್ಮ ಮೂಗಿನಲ್ಲಿದ್ದರೂ ಅದರಿಂದ ಮಿದುಳಿಗೆ ಕೆಲಸ ಮಾಡುವ ನರವಿಲ್ಲ, ಅದಕ್ಕೆ ಬೇಕಾದ ಮುಖ್ಯ ಜೀನೂ ಕೆಟ್ಟು ಕೂತಿದೆ. ಅಂಥ ಬಾಟಲಿಗಳಲ್ಲಿ ಹೆಚ್ಚಾಗಿ ಹೆಸರಿಸುವುದು ಆಂಡ್ರೊಸ್ಟಿನೋನ್. ಅದು ಗಂಡು ಹಂದಿಯ ಜೊಲ್ಲಿನ ವಸ್ತು. ಬೆದೆಯ ಹೆಣ್ಣು ಹಂದಿಯ ಮೂತಿಗೆ ಸಿಂಪಡಿಸಿದರೆ ಕದಲದೆ ನಿಲ್ಲುತ್ತದೆ, ಹಂದಿ ಸಾಕಣೆಯಲ್ಲಿ ಕೃತಕ ಗರ್ಭಧಾರಣೆಗೆ ಮುನ್ನ ಬಳಸುತ್ತಾರೆ. ಮನುಷ್ಯರಲ್ಲಿ ಒಂದು ವಾಸನೆ ಗ್ರಾಹಕದ ಜೀನು ಯಾವ ಬಗೆಯದು ಎನ್ನುವುದರ ಮೇಲೆ ಕೆಲವರಿಗೆ ಅದು ವೆನಿಲ್ಲಾದಂತೆ, ಕೆಲವರಿಗೆ ಹಳೆ ಬೆವರು, ಉಚ್ಚೆಯಂತೆ ನಾರುತ್ತದೆ, ಇನ್ನು ಕೆಲವರಿಗೆ ಏನೂ ಬರುವುದಿಲ್ಲ. ಮೆಟ್ರೊದಲ್ಲಿ ಪಕ್ಕ ಕೂತವರು ಯಾವ ಗುಂಪಿನವರೋ ಬಾಟಲಿ ಹೇಳುವುದಿಲ್ಲ.